ಕಂಪ್ಯೂಟರ್ ಮೇಡಂ ಮತ್ತು ಹೊಸ ನಿಯಮ

ಸುರಪುರದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಮೇಡಂ ಪಕ್ಕದ ರಂಗಂಪೇಟೆಯಿಂದ ನಡೆದೇ ಬರುತ್ತಿದ್ದರು. ಮಾತಾಡುವಾಗ ಮೇಜಿನ ಮೇಲೆ ಕೀಲಿ ಒತ್ತುವಂತೆ ಬೆರಳು ಬಡಿಯುವುದು ಅವರ ರೂಢಿ. "ಎಲ್ಲಾ ಕಡಿ ಒಂದ ರೀತಿ ಇರಬೇಕ್ರಿ" ಎನ್ನುತ್ತಿದ್ದರು. ಪರೀಕ್ಷೆಯ ಬಗ್ಗೆಯೂ ಅದೇ ಮಾತು, ಚಹಾದ ಸಕ್ಕರೆಯ ಬಗ್ಗೆಯೂ ಅದೇ.

ಕಂಪ್ಯೂಟರ್ ವೃತ್ತಿಯವರ ವಿದೇಶಿ ಸಂಘವೊಂದು, ತನ್ನ ನಿಯಮಗಳನ್ನು ಎಲ್ಲ ದೇಶಗಳೂ ಪಾಲಿಸಲಿ ಎಂದು ಆನ್‌ಲೈನ್ ಸಭೆ ನಡೆಸುತ್ತಿತ್ತು. ಮೇಡಂ ಅದರ ಸದಸ್ಯೆ. ಒಂದು ಸಂಜೆ ಸ್ಟಾಫ್ ರೂಮಿನಲ್ಲಿ ಮೇಡಂ ಮತ್ತು ನಾನು ಇಬ್ಬರೇ ಇದ್ದೆವು; ಅವರು ಲ್ಯಾಪ್‌ಟಾಪಿನಲ್ಲಿ ಆ ಸಭೆಗೆ ಕೂತಿದ್ದರು. ಹೊಸ ನಿಯಮ ನಿಮ್ಮ ಕಡೆಯವರಿಗೆ ಒಪ್ಪಿಗೆಯೇ ಎಂದು ಸಭೆಯ ಅಧ್ಯಕ್ಷರು ಇಂಗ್ಲಿಷಿನಲ್ಲಿ ಕೇಳಿದರು. ಮೇಡಂ ಮೈಕ್ ಬಂದ್ ಮಾಡಿ, ಕನ್ನಡ ಕಲಿಸುವ ನನ್ನ ಕಡೆ ತಿರುಗಿದರು.

"ಏನ್ರಿ ಸರ, ಇದು ನಮಗ ಒಪ್ಪಿಗಿ ಅದ ಏನ್ರಿ?"

"ಯಾವುದ್ರಿ ಮೇಡಂ?"

"ಅದ ನನಗೂ ಪೂರಾ ತಿಳೀವಲ್ದು."

ಮೈಕ್ ತೆರೆದು, ನಮಗಿನ್ನೂ ತಿಳಿದಿಲ್ಲ ಎಂದೇಬಿಟ್ಟರು. ಆಮೇಲೆ ಬೇರೆ ದೇಶದ ಇಬ್ಬರು ತಮಗೂ ತಿಳಿದಿಲ್ಲ ಎಂದರು. ಅಧ್ಯಕ್ಷರು ಮತದಾನವನ್ನು ಮುಂದೂಡಿ, ಎಲ್ಲರಿಗೂ ನಿಯಮ ತಿಳಿಸಿಕೊಡುವ ಕೆಲಸವನ್ನು, ತಿಳಿದಿಲ್ಲವೆಂದು ಮೊದಲು ಹೇಳಿದ ಮೇಡಂಗೇ ಒಪ್ಪಿಸಿದರು.

ಲ್ಯಾಪ್‌ಟಾಪ್ ಮುಚ್ಚಿದ ಮೇಡಂ ಗಾಬರಿಯಲ್ಲೇ ನಕ್ಕರು.

"ಮನಿಗಿ ಹೋಗಬ್ಯಾಡ್ರಿ ಸರ, ಕೂಡ್ರಿ. ಮೊದಲ ನಿಮಗ ಹೇಳತೀನಿ. ನಿಮಗ ತಿಳದ್ರ ಜಗತ್ತಿಗೆಲ್ಲಾ ತಿಳದಂಗ."