ಆರಾಮ ಎಂಬ ಅನುಮಾನ

"ಆರಾಮ ಅದೀರೇನ್ರಿ?" ಎಂದು ಯಾರಾದರೂ ಕೇಳಿದರೆ ನನಗೆ ಉತ್ತರಕ್ಕಿಂತ ಮೊದಲು ಅನುಮಾನ ಬರುತ್ತದೆ. ಈತನಿಗೆ ಯಾರು ಏನು ಹೇಳಿದರು? ನಿನ್ನೆ ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಂಬ ಹಿಡಿದು ನಿಂತದ್ದನ್ನು ನೋಡಿದನೇ? ಮೂವತ್ತು ವರ್ಷ ಶಾಲಾ ಮಾಸ್ತರನಾಗಿ ಪರೀಕ್ಷೆಯ ದಿನದ ಹೊಟ್ಟೆನೋವುಗಳನ್ನೆಲ್ಲ ವಿಚಾರಣೆ ಮಾಡಿದವನು ನಾನು. ನೌಕರಿ ಮುಗಿಯಿತು, ಚಾಳಿ ಉಳಿಯಿತು.

ಈ 'ಆರಾಮ' ಎಂಬ ಶಬ್ದವೇ ನಂಬಿಕೆಗೆ ಅರ್ಹವಲ್ಲ. ಸಂಸ್ಕೃತದವರಿಗೆ ಅದು ಹೂದೋಟ. ನಿಜಾಮರ ಕಾಲದಲ್ಲಿ ನಾವು ಕಲಿತ ಉರ್ದುವಿನಲ್ಲಿ ವಿಶ್ರಾಂತಿ. ನಮ್ಮ ಕಡೆಯ ಕನ್ನಡದಲ್ಲಿ ಮಾತ್ರ ಆರೋಗ್ಯ. ಹೀಗೆ ಮೂರು ಮನೆ ತಿರುಗಿ ಬಂದ ಶಬ್ದವನ್ನು ಹುಷಾರಾಗಿ ಕೇಳಬೇಕಿತ್ತು. ನಾನು ಕೇಳಲಿಲ್ಲ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನನ್ನ ಅಕ್ಕನನ್ನು ದುಬಲಗುಂಡಿಗೆ ಕೊಟ್ಟಿತ್ತು. ಅರವತ್ತರ ಹತ್ತಿರ ಬಂದರೂ ಎರಡು ಕೊಡ ನೀರು ಒಟ್ಟಿಗೆ ತರುವ ಗಟ್ಟಿ ಹೆಂಗಸು. ಒಂದು ಸಲ ನಮ್ಮ ಮನೆಗೆ ಬಂದವಳು, "ಆರಾಮ ಇಲ್ಲೋ ತಮ್ಮಾ. ಏನ್ ಆಗೇದ ಅಂತ ಹೇಳಾಕ ಬರವಲ್ದು. ಮೈ ನಂದಲ್ಲ ಅನಸ್ತದ" ಎಂದಳು. ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆ ನೋಡಿದರು, ನಾಲಗೆ ನೋಡಿದರು, ಏನೂ ಇಲ್ಲವೆಂದರು. ನನ್ನೊಳಗಿನ ಮಾಸ್ತರ ಚುರುಕಾದ. ಅಕ್ಕನ ಕನ್ನಡವನ್ನು ಉರ್ದುವಿನಲ್ಲಿ ಅರ್ಥ ಮಾಡಿಕೊಂಡೆ. ಆರಾಮ ಇಲ್ಲ ಎಂದರೆ ಪುರಸತ್ತಿಲ್ಲ, ಮನೆಗೆಲಸ ಸಾಕಾಗಿದೆ, ನಾಲ್ಕು ದಿನ ತವರಿನಲ್ಲಿ ಕಾಲು ಚಾಚಬೇಕಾಗಿದೆ ಎಂದು ತೀರ್ಮಾನಿಸಿದೆ.

ತೀರ್ಮಾನಕ್ಕೆ ಸಾಕ್ಷಿ ಬೇಕಲ್ಲ! ತಿಂಗಳಾದ ಮೇಲೆ ಹೇಳದೆ ಕೇಳದೆ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಅಕ್ಕ ಟಪಟಪ ರೊಟ್ಟಿ ಬಡಿಯುತ್ತಿದ್ದಳು. ಸಿಕ್ಕಿಬಿದ್ದಳು ಎಂದುಕೊಂಡೆ. ಅಡುಗೆಮನೆ ಹೊಸದಾಗಿ ಕಂಡಿತು. ನೆಲದ ಒಲೆ ಹೋಗಿ ಸೊಂಟದೆತ್ತರದ ಕಟ್ಟೆ ಬಂದಿತ್ತು. ಹಿಟ್ಟಿನ ಡಬ್ಬಿ, ಉಪ್ಪಿನ ಭರಣಿ, ನೀರಿನ ಕೊಡ ಎಲ್ಲವೂ ನೆಲ ಬಿಟ್ಟು ಮೇಲೇರಿದ್ದವು. "ಏನವ್ವಾ, ನಿಂತು ರೊಟ್ಟಿ ಬಡ್ಯಾಕತ್ತೀದಿ! ಪ್ಯಾಟಿ ಫ್ಯಾಶನ್ ಬಂತಲ್ಲ ದುಬಲಗುಂಡಿಗೆ" ಎಂದು ನಕ್ಕೆ. ಅವಳೂ ನಕ್ಕಳು. ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು, ಗೆದ್ದವನಂತೆ ಊರಿಗೆ ಬಂದೆ.

ಅದೇ ಕಾಲದಲ್ಲಿ ಬಸವಕಲ್ಯಾಣದ ನಮ್ಮ ಸೋದರಮಾವನ ಮೇಲೂ ನನಗೆ ಗುಮಾನಿಯಿತ್ತು. ಅವನಿಗೆ ಸಕ್ಕರೆ ಕಾಯಿಲೆ, ಕೆಮ್ಮು, ಒಂದು ಕಣ್ಣು ಮಂಜು. ಕೇಳಿದರೆ "ಏಕದಮ್ ಆರಾಮ!" ಎನ್ನುತ್ತಿದ್ದ. ಈತ ಏನೋ ಮುಚ್ಚಿಡುತ್ತಿದ್ದಾನೆ, ಒಂದು ದಿನ ಸಿಕ್ಕಿಬೀಳುತ್ತಾನೆಂದು ವರ್ಷಗಟ್ಟಲೆ ಕಾದೆ. ಎಪ್ಪತ್ತೆಂಟರಲ್ಲೂ ಅವನು ಸೋಮವಾರಕ್ಕೊಮ್ಮೆ ನಾರಾಯಣಪುರದ ಗುಡಿಗೆ ನಡೆದೇ ಹೋಗಿ ಬರುತ್ತಿದ್ದ. ಡಾಕ್ಟರರ ಚೀಟಿಗಳಿಗೆ ಅವನ ಒಳಗಿನ ಸುದ್ದಿ ತಲುಪಿರಲೇ ಇಲ್ಲವೆಂದು ಕಾಣುತ್ತದೆ.

ಅಕ್ಕನ ಸುದ್ದಿ ಅವಳಿಗೆ ಮಾತ್ರ ಗೊತ್ತಿತ್ತು. ಎರಡು ವರ್ಷದಲ್ಲಿ ನೆಲದಿಂದ ಏಳಲು ಒಬ್ಬರು ಬೇಕಾಯಿತು, ಮೂರನೆಯ ವರ್ಷಕ್ಕೆ ಸ್ನಾನಕ್ಕೆ ಇಬ್ಬರು. ಸೊಸೆ ಒಂದು ದಿನ ಸಹಜವಾಗಿ ಹೇಳಿದಳು: "ಅತ್ತಿಯವರಿಗೆ ಆಗಲೇ ಕೂತ್ರ ಏಳಾಕ ತ್ರಾಸ ಆಗ್ತಿತ್ರಿ ಮಾವಾ. ಅದಕ್ಕ ಆ ಅಡಗಿಮನಿ ಕಟ್ಟಿ ಕಟ್ಟಿಸಿದ್ರು." ನನಗೆ ನಾಚಿಕೆಯಾಯಿತು. ಸಾಕ್ಷಿ ಹುಡುಕಲು ಹೋದವನು ಸಾಕ್ಷಿಯ ಮುಂದೆಯೇ ನಿಂತು ಚೇಷ್ಟೆ ಮಾಡಿ ಬಂದಿದ್ದೆ.

ಮೊನ್ನೆ ಅಕ್ಕನನ್ನು ನೋಡಲು ಹೋದೆ. ಈಗ ಮಂಚವೇ ಅವಳ ಮನೆ. ಸೊಸೆ ಕೆಳಗೆ ಜಮಖಾನೆ ಹಾಸಿದಳು, ಕೂತೆ. "ಆರಾಮ ಅದೀಯೇನೋ?" ಎಂದಳು ಅಕ್ಕ. "ಏಕದಮ್ ಆರಾಮ" ಎಂದೆ, ಮಾವನ ದನಿಯನ್ನೇ ತಂದುಕೊಂಡು. ಚಹಾ ಮುಗಿಸಿ ಏಳಹೊರಟಾಗ ನನ್ನ ಕೈ ನನ್ನನ್ನು ಕೇಳದೆ ಮಂಚದ ಕಾಲನ್ನು ಹಿಡಿಯಿತು.

ಅಕ್ಕ ನೋಡಿಬಿಟ್ಟಳು. ಈಗ ವಿಚಾರಣೆ ಶುರುವಾಗುತ್ತದೆ, ನನಗೆ ಆಗಬೇಕಾದ್ದೇ ಎಂದುಕೊಂಡೆ. ಅವಳು ಮೆಲ್ಲಗೆ ಇಷ್ಟೇ ಕೇಳಿದಳು:

"ಯಾವಾಗಿಂದೋ ತಮ್ಮಾ?"

ನಾನು ಅವಳಿಗೆ ಒಮ್ಮೆಯೂ ಕೇಳದಿದ್ದ ಪ್ರಶ್ನೆ ಅದು. "ದೀಪಾವಳಿಯಿಂದ" ಎಂದೆ. ಹೆಂಡತಿಗೂ ಹೇಳಿರಲಿಲ್ಲ. ಅಕ್ಕ ಕಷ್ಟಪಟ್ಟು ಗೋಡೆಯ ಕಡೆ ಸರಿದು ಮಂಚದ ಮೇಲೆ ಜಾಗ ಮಾಡಿದಳು. ಅವಳ ಪಕ್ಕದಲ್ಲಿ ಕೂತೆ. ಆರಾಮ ಅನ್ನಿಸಿತು. ಯಾವ ಭಾಷೆಯ ಆರಾಮ ಎಂದು ಈ ಸಲ ವಿಚಾರಿಸಲಿಲ್ಲ.