ಅರ್ಧಕ್ಕೆ ನಿಂತ ಪ್ರಾರ್ಥನೆ

ಸವದತ್ತಿಯಲ್ಲಿ ವಿಶ್ವಾಸಿಗಳ ಕೂಟವಿದೆ, ಬಂದು ಹದಿನೈದು ನಿಮಿಷ ಮಾತಾಡಬೇಕು ಎಂದು ನಮ್ಮ ಪಾಸ್ಟರು ಕಳೆದ ತಿಂಗಳು ಚೀಟಿ ಕಳಿಸಿದ್ದರು. ವಿಷಯವನ್ನೂ ಅವರೇ ಬರೆದಿದ್ದರು: ಕ್ರೈಸ್ತರು ದಿನನಿತ್ಯದ ಬದುಕಿನಲ್ಲಿ ದೇವರ ಮೇಲಿನ ಪ್ರೀತಿಯನ್ನು ತೋರಿಸುವ ಬಗೆ. ಓದಿ ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಾವು ಆ ಪ್ರೀತಿ ತೋರಿಸುವ ಬಗೆಯನ್ನು ಅವಳು ಮಂಚದ ಮೇಲೆ ಮಲಗಿಕೊಂಡು ದಿನಾ ನೋಡಿದ್ದಳು.

ನಾನು ಕಿತ್ತೂರು ಕಡೆಯ ಹಳ್ಳಿ ಸಾಲೆಗಳಲ್ಲಿ ಮಾಸ್ತರಿಕೆ ಮಾಡಿ, ನಿವೃತ್ತನಾಗಿ ಬೈಲಹೊಂಗಲದಲ್ಲಿ ನೆಲೆ ನಿಂತವನು. ಇಲ್ಲಿ ನಮ್ಮವರ ಮನೆಗಳು ಕೆಲವೇ ಕೆಲವು. ಆ ಪುಟ್ಟ ಸಭೆಗೆ ನಾನು ಹಿರಿಯ. ಅಂದರೆ ಪಾಸ್ಟರ ಪಕ್ಕದ ಕುರ್ಚಿ ನನ್ನದು, ಮುಕ್ತಾಯದ ಪ್ರಾರ್ಥನೆಯೂ ನನ್ನದು. ಪ್ರಾರ್ಥನೆ ಮಾಡುವುದರಲ್ಲಿ ನನಗೆ ಹೆಸರಿತ್ತು. ದೇಶ ಆಳುವವರಿಂದ ಶುರು ಮಾಡಿ, ಮಳೆ ಬೆಳೆ, ಮಲಪ್ರಭೆಯ ನೀರು, ಪರೀಕ್ಷೆಗೆ ಕೂತ ಮಕ್ಕಳು, ದಾರಿಯಲ್ಲಿರುವ ಪ್ರಯಾಣಿಕರು ಎಂದು ಸುತ್ತು ಹೊಡೆದು ಕೊನೆಗೆ ಯಾವ ಮನೆಯಲ್ಲಿ ಕೂತಿದ್ದೇವೋ ಆ ಮನೆಯ ಕಷ್ಟಕ್ಕೆ ಬಂದು ಇಳಿಯುತ್ತಿದ್ದೆ. ಜನ ಮೆಚ್ಚಿ ತಲೆದೂಗುತ್ತಿದ್ದರು. ಕಣ್ಣು ಮುಚ್ಚಿಕೊಂಡಿದ್ದರೂ ಅದು ನನಗೆ ಗೊತ್ತಾಗುತ್ತಿತ್ತು.

ಹೆಂಡತಿ ಸಂಪಗಾಂವದವಳು, ಮಾತು ಒರಟು, ಕೈ ಚುರುಕು. ಒಂದು ಬೆಳಗ್ಗೆ ಬಚ್ಚಲಲ್ಲಿ ಲಕ್ವಾ ಹೊಡೆದು ಬಿದ್ದಳು. ಎಡಗೈ ಎಡಗಾಲು ಹೋದವು. ಮಾತು ತೊದಲಾಯಿತು, ದನಿ ಇಳಿಯಿತು, ಹತ್ತಿರ ಬಗ್ಗಿದರೆ ಮಾತ್ರ ತಿಳಿಯುತ್ತಿತ್ತು. ತಲೆ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಅದೇ ಅವಳ ಪಾಲಿಗೆ ಕಷ್ಟವಾಯಿತು.

ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ಸಭೆಯವರು ಸರದಿ ಹಾಕಿಕೊಂಡರು. ದಿನಾ ಸಂಜೆ ಆರಕ್ಕೆ ನಮ್ಮ ಮನೆಯಲ್ಲಿ ಪ್ರಾರ್ಥನೆ. ಹತ್ತು ಹನ್ನೆರಡು ಜನ ಮಂಚದ ಸುತ್ತ ಕೂತು, ಢೋಲಕ್ ಬಾರಿಸಿ ಹಾಡಿ, ಬೈಬಲ್ ಓದಿ, ಒಬ್ಬೊಬ್ಬರಾಗಿ ಪ್ರಾರ್ಥಿಸಿ, ನನ್ನ ಮುಕ್ತಾಯ ಮುಗಿದ ಮೇಲೆ ಚಹಾ ಕುಡಿದು ಏಳುತ್ತಿದ್ದರು. ಅವರಲ್ಲಿ ಒಬ್ಬರೂ ಅವಳ ಒಂದು ಸೀರೆ ಒಗೆದದ್ದನ್ನು ನಾನು ನೋಡಲಿಲ್ಲ. ನನಗೂ ಅದು ಆಗ ಹೊಳೆಯಲಿಲ್ಲ, ಅವರನ್ನಷ್ಟೇ ಅಂದು ಏನು ಪ್ರಯೋಜನ.

ಒಗೆದವರು ಎದುರುಮನೆಯ ಅಕ್ಕ. ಲಿಂಗಾಯತರು, ಗಂಡ ತೀರಿದ ಮೇಲೆ ಹತ್ತಿ ಹೊಲ ತಾವೇ ನೋಡಿಕೊಂಡವರು. ಬೆಳಗ್ಗೆ ಪಡಸಾಲೆಯಲ್ಲಿ ಕೂತು, ಅಂಗೈಯ ಲಿಂಗವನ್ನು ರೆಪ್ಪೆ ಬಡಿಯದೆ ನೋಡುವುದು ಅವರ ಪೂಜೆ. ಅದು ಮುಗಿಸಿ ನೇರ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಮೈ ಒರೆಸಿ, ಬಟ್ಟೆ ಬದಲಿಸಿ ಹೋಗುತ್ತಿದ್ದರು. ಸಂಜೆ ಒಂದು ಬಟ್ಟಲು ಜೋಳದ ಗಂಜಿ ತರುತ್ತಿದ್ದರು. ನಮ್ಮ ಪ್ರಾರ್ಥನೆ ನಡೆದಿದ್ದರೆ, ಮುಗಿಯುವ ತನಕ ಬಟ್ಟಲು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದರು.

ಹೆಂಡತಿ ನನಗೆ ಎರಡು ಸಲ ಹೇಳಿದ್ದಳು.

"ಸಂಜಿಕ ಬರಬ್ಯಾಡ್ರಿ ಅಂತ ಹೇಳ್ರಿ. ನಾ ಹಿಂಗ ಬಿದ್ದಿದ್ದು ಎಲ್ಲಾರೂ ಸುತ್ತ ಕುಂತ ನೋಡೂದು ನನಗ ಸೇರೂದಿಲ್ಲ."

"ಅವರು ನಿನ್ನ ಸಲುವಾಗೇ ಬರಾಕತ್ತಾರ. ದೇವರ ಕೆಲಸಕ್ಕ ಬ್ಯಾಡ ಅಂತ ಹೆಂಗ ಹೇಳ್ಲಿ?"

"ನನ್ನ ಸಲುವಾಗಿ ಅಲ್ಲ," ಎಂದಿದ್ದಳು. ಲಕ್ವಾ ಹೊಡೆದವರು ಸಿಡಿಸಿಡಿ ಅನ್ನುವುದು ಸಹಜ ಎಂದು ನಾನು ತಿಳಿದುಕೊಂಡೆ.

ಒಂದು ಶನಿವಾರ ರಾಮದುರ್ಗದಿಂದ ಟಂಟಂ ಗಾಡಿ ತುಂಬ ವಿಶ್ವಾಸಿಗಳು ಬಂದಿಳಿದರು. ದಿನಾ ಆರು ಗಂಟೆಗೆ ಮೊದಲು ಅವಳಿಗೆ ಬೆಡ್‌ಪ್ಯಾನ್ ಕೊಡುವುದು ನನ್ನ ಕೆಲಸ. ಅವತ್ತು ಬಂದವರಿಗೆ ಕುರ್ಚಿ ಹೊಂದಿಸುವ ಗಡಿಬಿಡಿಯಲ್ಲಿ ಮರೆತೆ. ಹಾಡು, ಓದು, ರಾಮದುರ್ಗದವರ ಪ್ರಾರ್ಥನೆ ಎಲ್ಲ ಆಗಿ ನನ್ನ ಸರದಿ ಬರುವಾಗ ಒಂದು ಗಂಟೆಯೇ ಕಳೆದಿತ್ತು. ಪರವೂರಿನವರು ಕೂತಿದ್ದಾರೆ ಎಂದು ನಾನೂ ಸ್ವಲ್ಪ ಹುರುಪಿನಲ್ಲೇ ಶುರು ಮಾಡಿದೆ. ಮಲಪ್ರಭೆಯ ನೀರಿಗೆ ಬಂದಿದ್ದೆ. ಆಗ ಬಾಗಿಲ ಕಡೆಯಿಂದ ಅಕ್ಕನ ದನಿ ಕೇಳಿಸಿತು.

"ಮಾಸ್ತರ, ಸಾಕ ಮಾಡ್ರಿ. ಆಕಿ ಆಗಿಂದ ಕೈ ಎತ್ಯಾಳ."

ಕಣ್ಣು ತೆರೆದೆ. ಹೆಂಡತಿಯ ಬಲಗೈ ಮೇಲೆ ನಿಂತಿತ್ತು. ಸಾಲೆಯಲ್ಲಿ ಮಕ್ಕಳು ಹೊರಗೆ ಹೋಗಲು ಅಪ್ಪಣೆ ಕೇಳುವಾಗ ಎತ್ತುತ್ತಾರಲ್ಲ, ಹಾಗೆ. ಮಂಚದ ಸುತ್ತ ಇದ್ದ ಅಷ್ಟೂ ಜನ ಕಣ್ಣು ಮುಚ್ಚಿದ್ದರು. ಎಷ್ಟು ಹೊತ್ತಿನಿಂದ ಎತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಕ್ಕಳು ಕೈ ಎತ್ತಿದರೆ ಕರಿಹಲಗೆಯ ಕಡೆ ಮುಖ ಮಾಡಿದ್ದರೂ ನನಗೆ ತಿಳಿಯುತ್ತಿತ್ತು ಎಂದು ಬಡಾಯಿ ಕೊಚ್ಚುತ್ತಿದ್ದವನು ನಾನು.

ತಡವಾಗಿತ್ತು. ಹಾಸಿಗೆ ಒದ್ದೆಯಾಗಿತ್ತು. ಅವಳು ಕೈ ಇಳಿಸಿ ಅದೇ ಕೈಯಿಂದ ಮುಖ ಮುಚ್ಚಿಕೊಂಡಳು.

ಅಕ್ಕ ಗಂಜಿಯ ಬಟ್ಟಲು ಕಿಟಕಿಯಲ್ಲಿಟ್ಟು ಒಳಗೆ ಬಂದರು. "ಎಲ್ಲಾರೂ ಹೊರಗ ನಡೀರಿ," ಎಂದರು. ದನಿ ಏರಿಸಲಿಲ್ಲ. ಎಲ್ಲರೂ ಎದ್ದರು. ಒಬ್ಬಾಕೆ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಎದ್ದಳು.

ಇಲ್ಲಿಯವರೆಗಿನದು ಮರೆವು, ಗಡಿಬಿಡಿ, ಏನಾದರೂ ಅನ್ನಬಹುದು. ಆಮೇಲಿನದಕ್ಕೆ ನನ್ನ ಹತ್ತಿರ ಸಬೂಬಿಲ್ಲ. ಅಂಗಳದಲ್ಲಿ ರಾಮದುರ್ಗದ ಹಿರಿಯರೊಬ್ಬರು, "ಪ್ರಾರ್ಥನಿ ಅರ್ಧಕ್ಕ ನಿಂತೈತ್ರಿ. ಆಮೆನ್ ಅನ್ನದ ಹೆಂಗ ಹೋಗೂದು?" ಎಂದರು. ಪಾಸ್ಟರು ನನ್ನ ಮುಖ ನೋಡಿದರು. ನಾನು ಅಂಗಳದಲ್ಲಿ, ತುಳಿದು ಸವೆದ ಪರಸಿ ಕಲ್ಲಿನ ಮೇಲೆ ನಿಂತು, ಮತ್ತೆ ಕಣ್ಣು ಮುಚ್ಚಿ, ಬಿಟ್ಟಲ್ಲಿಂದ ಹಿಡಿದು ಪೂರ್ತಿ ಮಾಡಿದೆ. ಪರೀಕ್ಷೆಯ ಮಕ್ಕಳನ್ನು ಬಿಡಲಿಲ್ಲ, ಪ್ರಯಾಣಿಕರನ್ನು ಬಿಡಲಿಲ್ಲ. ಒಳಗೆ ಹೆಂಡತಿಯನ್ನು ಮಗ್ಗುಲಿಗೆ ಹೊರಳಿಸಲು ಅಕ್ಕ ಒಬ್ಬರೇ ಏದುಸಿರು ಬಿಡುತ್ತಿದ್ದದ್ದು ಕಿಟಕಿಯಿಂದ ಕೇಳಿಸುತ್ತಿತ್ತು. ಎಲ್ಲರೂ ಆಮೆನ್ ಅಂದರು. ಆಮೇಲೆ ನಾನೇ ಚಹಾ ಕೊಟ್ಟೆ.

ಅವರು ಹೋದ ಮೇಲೆ ಒಳಗೆ ಬಂದೆ. ಅಕ್ಕ ಒದ್ದೆ ಬಟ್ಟೆ ಬಕೀಟಿಗೆ ಹಾಕಿಕೊಂಡು, ನನ್ನನ್ನು ನೋಡದೆ ಬಚ್ಚಲಿಗೆ ಹೋದರು. ಹೆಂಡತಿ ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಬಗ್ಗಿದೆ.

"ಪ್ರಾರ್ಥನಿ ಪೂರಾ ಆತೇನ್ರಿ?"

"ಆತು," ಎಂದೆ.

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ನಾಚಿಕೆಯಿಂದ ಸತ್ತು ಹೋಗುತ್ತೇನೆ ಅನ್ನಿಸಿತು, ಆದರೆ ಸಾಯಲಿಲ್ಲ.

ಮರುದಿನ ಆರಾಧನೆ ಮುಗಿದ ಮೇಲೆ ಪಾಸ್ಟರಿಗೆ, ಇನ್ನು ಮನೆಗೆ ಬರುವುದು ಬೇಡ ಎಂದೆ. ಅವರು, "ನಿಮ್ಮ ವಿಶ್ವಾಸ ಕಮ್ಮಿ ಆಗಾಕತ್ತೈತ್ರಿ ಮಾಸ್ತರ," ಎಂದರು. ಇರಬಹುದು ಎಂದು ಬಂದೆ. ಅಂದಿನಿಂದ ಸಭೆಯವರು ಬರಲಿಲ್ಲ. ಪ್ರಾರ್ಥನೆ ಬೇಡ ಅಂದರೆ ಬರಲು ಅವರಿಗೆ ಬೇರೆ ಕಾರಣವೇ ಇರಲಿಲ್ಲ. ಗಂಜಿ ಹಿಡಿದು ಬರಬಹುದಿತ್ತು, ಯಾರಿಗೂ ಹೊಳೆಯಲಿಲ್ಲ.

ನಾನು ಎದುರುಮನೆಯ ಅಕ್ಕನ ಹತ್ತಿರ ಹೊಸದಾಗಿ ಅಕ್ಷರ ಕಲಿತೆ. ಹೇಗೆ ಹೊರಳಿಸುವುದು, ಬೆನ್ನು ಹುಣ್ಣಾಗದ ಹಾಗೆ ಎಲ್ಲಿ ಪುಡಿ ಹಚ್ಚುವುದು, ಸೀರೆಯನ್ನು ಮಡಿಚಿ ಮೈ ಕೆಳಗೆ ಹೇಗೆ ಹಾಸುವುದು. "ಆಕಿ ಮಾರಿ ನೋಡ್ರಿ, ನಿಮ್ಮ ಕೈ ನೋಡಬ್ಯಾಡ್ರಿ. ಆಕೀಗೆ ನೋವಾದ್ರ ಮಾರಿ ಹೇಳತೈತಿ," ಎನ್ನುತ್ತಿದ್ದರು. ಮೊದಲ ದಿನ ನಡುವೆಯೇ ಎದ್ದು ಅಂಗಳಕ್ಕೆ ಹೋಗಿ ಬಂದೆ. ವಾರದಲ್ಲಿ ರೂಢಿಯಾಯಿತು.

ಒಂದು ಸಂಜೆ ಮೈ ಒರೆಸಿ, ತಲೆ ಬಾಚಿ, ಗಂಜಿ ಕುಡಿಸಿದ ಮೇಲೆ ಹೆಂಡತಿ, "ಈಗ ಪ್ರಾರ್ಥನಿ ಮಾಡ್ರಿ," ಎಂದಳು. ಖುಷಿಯಾಗಿ ಕೂತು ಕಣ್ಣು ಮುಚ್ಚಿದೆ. ಅವಳು ಬಲಗೈಯಿಂದ ನನ್ನ ಮೊಣಕಾಲು ತಟ್ಟಿದಳು.

"ಕಣ್ಣ ತಗೀರಿ. ನನ್ನ ನೋಡಕೋತ ಮಾಡ್ರಿ."

ಅವಳ ಮುಖ ನೋಡುತ್ತ ಕೂತೆ. ದೇಶ ಬರಲಿಲ್ಲ, ಮಳೆ ಬರಲಿಲ್ಲ, ಇಷ್ಟು ವರ್ಷ ಜನ ತಲೆದೂಗಿದ ಒಂದು ಮಾತೂ ಬಾಯಿಗೆ ಬರಲಿಲ್ಲ. "ದೇವರೇ, ಈಕೀಗೆ ನೋವು ಆಗದಂಗ ನೋಡಕೋ," ಎಂದೆ. ಅಷ್ಟೇ. ಅವಳು ಆಮೆನ್ ಅಂದಳು. ಅವತ್ತು ನಾನು ಅತ್ತೆ, ಅವಳು ಅಳಲಿಲ್ಲ.

ಇನ್ನೊಂದು ತಿಂಗಳು ಇದ್ದಳು. ಮಣ್ಣಿಗೆ ಎಲ್ಲರೂ ಬಂದರು, ಚೆನ್ನಾಗಿ ಹಾಡಿದರು. ನನಗೆ ಕೇಳಿಸುವ ಹಾಗೆ ಯಾರೋ, "ಪ್ರಾರ್ಥನಿ ನಿಂದರಸದಿದ್ರ ಉಳೀತಿದ್ಲೇನೋ," ಎಂದರು. ಅದು ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಸವದತ್ತಿಯ ಚೀಟಿಯ ಹಿಂಬದಿಗೆ ನಾನು ಎರಡು ಸಾಲು ಬರೆದು, ಬರಲಾಗುವುದಿಲ್ಲ, ಕೂಟದಲ್ಲಿ ಇದನ್ನೇ ಓದಿಬಿಡಿ ಎಂದು ಪಾಸ್ಟರಿಗೆ ಕಳಿಸಿದೆ. ಆ ಎರಡು ಸಾಲು ಇವು: ಹಾಸಿಗೆ ಹಿಡಿದವರ ಮನೆಗೆ ಹೋದರೆ, ಬೆಡ್‌ಪ್ಯಾನ್ ಬೇಕೇನು ಎಂದು ಮೊದಲು ಕೇಳಿರಿ. ಬೇಕು ಅಂದರೆ ನೀವೇ ಕೊಟ್ಟು, ತೊಳೆದಿಟ್ಟು, ಆಮೇಲೆ ಪ್ರಾರ್ಥನೆಗೆ ಕೂಡಿರಿ.

ಸಂಜೆ ಪಾಸ್ಟರ ಫೋನ್ ಬಂತು.

"ಮಾಸ್ತರ, ಇದನ್ನ ಹೆಣ್ಮಕ್ಕಳು ಕುಂತಲ್ಲೆ ಹೆಂಗ ಓದೂದ್ರಿ?"

"ಒಬ್ಬ ಹೆಣ್ಣಮಗಳು ನಿಮ್ಮೆಲ್ಲಾರ ಮುಂದ ಕೈ ಎತ್ತಿ ಕೇಳಿದ್ಲರಿ," ಎಂದೆ. "ನೀವು ಬರೇ ಓದ್ರಿ."

ಅವರು ಓದಲಿಲ್ಲ. ಆ ಹದಿನೈದು ನಿಮಿಷಕ್ಕೆ ಬೇರೆಯವರನ್ನು ಕರೆಸಿದರಂತೆ. ಪ್ರಾರ್ಥನೆ ಬಹಳ ಚೆನ್ನಾಗಿ ಮಾಡಿದರು ಎಂದು ಹೋಗಿ ಬಂದವರು ಹೇಳಿದರು.