ಸಾವಿನ ವಾರದ ವ್ಯಾಪಾರ

ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ವ್ಯಾಪಾರವಾದದ್ದು ಗೌರಿ ಹಬ್ಬಕ್ಕೂ ಅಲ್ಲ, ದೀಪಾವಳಿಗೂ ಅಲ್ಲ. ಒಬ್ಬರು ಸತ್ತ ವಾರದಲ್ಲಿ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಕೊಂಡು ತಿರುಗುವಂಥ ಘನಕಾರ್ಯವೇನೂ ಅಲ್ಲವಲ್ಲ.

ಎಂಬತ್ತರ ದಶಕದ ನಡುಭಾಗ. ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ರೇಡಿಯೋ, ಫ್ಯಾನು, ಮಿಕ್ಸಿ ಮಾರಿಕೊಂಡಿದ್ದವನು ಹೊಸದಾಗಿ ಟೀವಿಗೂ ಕೈಹಾಕಿದ್ದೆ. ಆದರೆ ನೋಡುವವರೇ ಹೆಚ್ಚು, ಕೊಳ್ಳುವವರು ಕಡಿಮೆ. ಸಂಜೆಯಾದರೆ ಸಾಕು, ಆಫೀಸು ಮುಗಿಸಿ ಬಂದ ಗೃಹಸ್ಥರು ತರಕಾರಿ ಚೀಲ ಹಿಡಿದುಕೊಂಡೇ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದರು. ವಾರ್ತೆ, ಧಾರಾವಾಹಿ, ಹವಾಮಾನ ಎಲ್ಲ ಮುಗಿಸಿ, "ಪಿಕ್ಚರ್ ಚೆನ್ನಾಗಿ ಬರುತ್ತೆ ಕಣ್ರೀ" ಎಂದು ಸರ್ಟಿಫಿಕೇಟು ಕೊಟ್ಟು ಮನೆಗೆ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ದೇಶಕ್ಕೆಲ್ಲ ಬೇಕಾದ ದೊಡ್ಡವರೊಬ್ಬರು ತೀರಿಕೊಂಡರು. ಹೆಸರು ಬೇಡ. ಕ್ಷೌರದಂಗಡಿಯ ಗೋಡೆಯಲ್ಲೂ ಹಾಲಿನ ಬೂತಿನಲ್ಲೂ ಅವರ ಫೋಟೊ ಇರುತ್ತಿತ್ತು ಎಂದರೆ ಸಾಕು. ರೇಡಿಯೋದಲ್ಲಿ ಹಾಡು ನಿಂತು ವೀಣೆ ಶುರುವಾಯಿತು. ರಸ್ತೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಾನೂ ಶಟರ್ ಎಳೆದೆ, ಆದರೆ ಅರ್ಧಕ್ಕೆ. ಪೂರ್ತಿ ಎಳೆದರೆ ವ್ಯಾಪಾರ ಹೋಯಿತು, ಎಳೆಯದೇ ಇದ್ದರೆ ಮರ್ಯಾದೆ ಹೋಯಿತು.

ಆ ಅರ್ಧ ಶಟರಿನ ಕೆಳಗೆ ಬಗ್ಗಿ ಒಬ್ಬರು ಒಳಗೆ ಬಂದರು. ವರ್ಷವಿಡೀ ನಿಂತುಕೊಂಡೇ ವಾರ್ತೆ ನೋಡಿದ್ದವರು. "ನಾಳಿದ್ದು ಅಂತ್ಯಕ್ರಿಯೆಯನ್ನ ಟೀವೀಲಿ ನೇರವಾಗಿ ತೋರಿಸ್ತಾರಂತೆ. ಒಂದು ಸೆಟ್ ಕೊಡಿ" ಎಂದರು. ಅವರು ಹೋದ ಅರ್ಧ ಗಂಟೆಯಲ್ಲಿ ಇನ್ನೊಬ್ಬರು ಬಗ್ಗಿದರು. ನನ್ನ ತಲೆ ಓಡಿತು. 'ರೇಡಿಯೋ ರಿಪೇರಿ' ಎಂದು ಬರೆದಿಟ್ಟಿದ್ದ ಕಪ್ಪು ಹಲಗೆಯನ್ನು ಒರೆಸಿ, ದುಂಡಗಿನ ಅಕ್ಷರದಲ್ಲಿ ಬರೆದೆ: 'ಅಂತಿಮ ದರ್ಶನ ನಿಮ್ಮ ಮನೆಯಲ್ಲೇ. ಟೀವಿ ದೊರೆಯುತ್ತದೆ.' ಅಷ್ಟೇ ಅಲ್ಲ, ಚೌಕಾಸಿ ನಿಲ್ಲಿಸಿದೆ. ಅಲ್ಲಿಯವರೆಗೆ ಆಂಟೆನಾ ಕಟ್ಟಿಕೊಡುವುದು ಪುಕ್ಕಟೆಯಾಗಿತ್ತು, ಅದಕ್ಕೂ ದುಡ್ಡು ಎಂದೆ. ಯಾರೂ ಜಗ್ಗಾಡಲಿಲ್ಲ. ಸಾವಿನ ಮುಂದೆ ಜಗ್ಗಾಡುವುದಕ್ಕೆ ಜನಕ್ಕೆ ನಾಚಿಕೆ ಎಂಬುದು ನನಗೆ ಅವತ್ತೇ ಗೊತ್ತಾಯಿತು, ಗೊತ್ತಾದ ಮೇಲೆ ಬಿಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟ ತಂದ ನನ್ನ ಹೆಂಡತಿ ಹಲಗೆ ಓದಿ ಅಲ್ಲೇ ನಿಂತಳು.

"ರೀ, ಇದನ್ನ ಬರೆಯೋಕೆ ನಿಮಗೆ ಕೈ ಹೇಗೆ ಬಂತು?"

"ಹೂವಿನವಳು ಇವತ್ತು ಹಾರಕ್ಕೆ ಎರಡರಷ್ಟು ಹೇಳ್ತಿದ್ದಾಳೆ. ಪಟಕ್ಕೆ ಕಟ್ಟು ಹಾಕೋನು ಅವರ ಫೋಟೊ ಸಾಲಾಗಿ ನೇತುಹಾಕಿದ್ದಾನೆ. ಅವರಿಗಿಲ್ಲದ ಪಾಪ ನನಗ್ಯಾಕೆ?" ಎಂದೆ.

ಅವಳು ಕ್ಯಾರಿಯರ್ ಇಟ್ಟು ಹೋದಳು.

ಸಂಜೆ ಕೊಡಿಗೇಹಳ್ಳಿಯಿಂದ ಗೌಡರೊಬ್ಬರು ಬಂದರು. ಆಗ ಆ ಕಡೆಯೆಲ್ಲ ದ್ರಾಕ್ಷಿ ತೋಟ. ಇವರದೂ ಅಂಥದೊಂದು ತೋಟದ ಮನೆ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ತಾವೇ ನೋಡುವ ಆಸೆಯೇನೂ ಅವರಿಗೆ ಇದ್ದಂತಿರಲಿಲ್ಲ. "ನಮ್ಮವ್ವಂಗೆ ಬೇಕು ಸಾರ್. ಸುದ್ದಿ ಕೇಳ್ದಾಗಿಂದ ಅನ್ನ ಮುಟ್ಟಿಲ್ಲ. ಮಕ ನೋಡೋವರ್ಗೂ ಉಣ್ಣಾಕಿಲ್ಲ ಅಂತ ಕುಂತವ್ಳೆ" ಎಂದರು.

ಕಾರಣವನ್ನೂ ಅವರೇ ಹೇಳಿದರು. ಬಹಳ ವರ್ಷದ ಹಿಂದೆ, ಹೆಬ್ಬಾಳದ ಹತ್ತಿರ ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಅವರ ತಾಯಿ, ಆ ಅಜ್ಜಿ, ದ್ರಾಕ್ಷಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಾಗ ಆ ದೊಡ್ಡವರ ವಾಹನ ನಿಂತಿತಂತೆ. ಇಳಿದು ಬಂದು ಒಂದು ಗೊಂಚಲು ತೆಗೆದುಕೊಂಡು, ಅಲ್ಲೇ ನಿಂತು ತಿಂದು, ಅಜ್ಜಿಯ ಕಡೆ ನೋಡಿ ನಕ್ಕರಂತೆ. "ಯಾರೂ ನಂಬಾಕಿಲ್ಲ, ನಾನೂ ನಂಬಿರ್ಲಿಲ್ಲ. ಆದ್ರೆ ಅವತ್ತಿಂದ ನಮ್ಮವ್ವಂಗೆ ಅವ್ರು ನಮ್ಮ ಮನೆ ಅಣ್ಣು ತಿಂದೋರು, ನಮ್ಮೋರು."

ಕತೆ ಕೇಳಿ ನಾನು ತಲೆಯಾಡಿಸಿದೆ. ಫಿಟ್ಟಿಂಗ್ ಚಾರ್ಜು ಮಾತ್ರ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಆಟೋದಲ್ಲಿ ಟೀವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಂಟೆನಾ ಕೊಳವೆಗಳನ್ನು ಎರಡೂ ಕಡೆ ಹೊರಗೆ ಚಾಚಿಕೊಂಡು ಹೊರಟೆ. ಮನೆಯ ಮುಂದೆ ಇಳಿದಾಗ ಮೊದಲು ಕಂಡದ್ದು ಚಪ್ಪಲಿ. ಬೇಲಿಯ ಆಚೆ, ರಸ್ತೆಯ ಪಕ್ಕದಲ್ಲೇ ರಾಶಿ ಬಿದ್ದಿದ್ದವು. ಅಂಗಳದಲ್ಲಿ ಊರಿಗೆ ಊರೇ ಕುಳಿತಿತ್ತು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಒಂದು ಸದ್ದಿಲ್ಲ. ಟೀವಿ ಬಂತೆಂದರೆ ಮಕ್ಕಳು ಕುಣಿಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೆ. ಇಲ್ಲಿ ಎಲ್ಲರೂ ಎದ್ದು ದಾರಿ ಬಿಟ್ಟರು. ಮುದುಕರೊಬ್ಬರು ತಲೆಯ ಟವೆಲು ತೆಗೆದರು. ಪೆಟ್ಟಿಗೆ ಹೊತ್ತುಕೊಂಡು ಆ ಜನರ ನಡುವೆ ನಡೆಯುವಾಗ ನನ್ನ ಕಾಲು ತಾನಾಗಿಯೇ ನಿಧಾನವಾಯಿತು.

ಅಜ್ಜಿ ಹಜಾರದಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಸಣ್ಣ ಆಳು, ಬೆಳ್ಳಗಿನ ತಲೆ, ಆಗಷ್ಟೇ ಮಿಂದ ಒದ್ದೆ ಸೀರೆ. ನಾನು ಕಿಟಕಿಯ ಪಕ್ಕದ ಮೇಜಿನ ಮೇಲೆ ಟೀವಿ ಇಡಲು ಹೋದೆ, ವೈರು ಅಲ್ಲಿಗೆ ಸಲೀಸು.

"ಅಲ್ಲಿ ಬ್ಯಾಡ ಕಣಪ್ಪ. ತೆಂಕ್ಲಾಗಿಡು. ಸತ್ತೋರ ತಲೆ ಆ ಕಡೀಕಿರ್ಬೇಕು."

"ಅಜ್ಜಿ, ಅಲ್ಲಿಗೆ ವೈರ್ ಸಾಲಲ್ಲ."

"ಸಾಲೋಂಗೆ ಮಾಡು."

ವೈರಿಗೆ ವೈರು ಗಂಟು ಹಾಕಿದೆ. ಗಂಟು ಹಾಕಿದಷ್ಟೂ ಚಿತ್ರ ಮಬ್ಬಾಗುತ್ತದೆ ಎಂದು ಗೊತ್ತಿದ್ದರೂ ಹಾಕಿದೆ. ಅಷ್ಟರಲ್ಲಿ ಸೊಸೆ ಟೀವಿಯ ಪಕ್ಕದಲ್ಲಿ ನೆಲದ ಮೇಲೆ ಎಣ್ಣೆದೀಪ ಹಚ್ಚಿಟ್ಟಳು, ಹೆಣದ ತಲೆಯ ಹತ್ತಿರ ಇಡುತ್ತಾರಲ್ಲ, ಹಾಗೆ. ಬೇರೆ ದಿನವಾಗಿದ್ದರೆ ಹೊಸ ಸೆಟ್ಟಿನ ಪಕ್ಕದಲ್ಲಿ ಬೆಂಕಿಯೇ ಎಂದು ರೇಗಿಬಿಡುತ್ತಿದ್ದೆ. ಅವತ್ತು ವೈರನ್ನು ದೀಪದಿಂದ ಸ್ವಲ್ಪ ದೂರ ಸರಿಸಿದೆ, ಅಷ್ಟೇ.

ಟೀವಿ ಹಾಕಿದರೆ ಬರೀ ಚುಕ್ಕೆ. ಏಣಿ ಹಾಕಿಕೊಂಡು ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಾ, ಎಂದಿನ ರೂಢಿಯಂತೆ ಗಟ್ಟಿಯಾಗಿ ಕೂಗಿದೆ.

"ಬಂತಾ?"

ಉತ್ತರವಿಲ್ಲ. ಮತ್ತೆ ಕೂಗಿದೆ. ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿ ನನ್ನನ್ನು ನೋಡಿದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೆ ಅರ್ಥವಾಯಿತು. ಹೆಣದ ಮುಂದೆ ಯಾರಾದರೂ ಕೂಗಾಡುತ್ತಾರೆಯೇ? ಕೊನೆಗೆ ಗೌಡರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡತೊಡಗಿದರು. ಕೈ ಕೆಳಗಿದ್ದರೆ ಇಲ್ಲ, ಅರ್ಧ ಎತ್ತಿದರೆ ಸ್ವಲ್ಪ ಬಂತು. ಕೊಳವೆಯನ್ನು ಎತ್ತಿ ಭುಜದ ಮೇಲೆ ಇಟ್ಟುಕೊಂಡು ಯಲಹಂಕದ ಕಡೆ ಸ್ವಲ್ಪ ವಾಲಿಸಿದಾಗ ಅವರ ಕೈ ಪೂರ್ತಿ ಮೇಲೇರಿತು. ಕೆಳಗಿಳಿಸಿದೆ, ಕೈ ಬಿತ್ತು. ಮತ್ತೆ ಭುಜಕ್ಕಿಟ್ಟೆ, ಕೈ ಎದ್ದಿತು. ಮುಗಿಯಿತು ಕತೆ. ಅವತ್ತಿನ ಅಂತ್ಯಕ್ರಿಯೆ ಮುಗಿಯುವವರೆಗೆ ನಾನೇ ಕಂಬ.

ದೇಶವೆಲ್ಲ ನೋಡಿದ ಆ ಮೆರವಣಿಗೆಯನ್ನು ನಾನು ನೋಡಲಿಲ್ಲ. ನೋಡಿದ್ದು ನೋಡುವವರನ್ನು. ಮಧ್ಯಾಹ್ನದ ಬಿಸಿಲು, ಸುತ್ತ ದ್ರಾಕ್ಷಿ ಚಪ್ಪರ, ರಸ್ತೆಯಲ್ಲಿ ಒಂದು ಗಾಡಿಯಿಲ್ಲ. ಒಳಗೆ ಜಾಗ ಸಿಗದ ಅಷ್ಟೂ ಜನ ಅಂಗಳದಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಅವರಿಗೆ ಪರದೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು, ಅದೂ ಹಿಂದಿಯಲ್ಲಿ. ಆದರೂ ಏಳಲಿಲ್ಲ. ಒಬ್ಬಳು ಕಂಕುಳ ಕೂಸಿಗೆ ಹಾಲೂಡಿಸುವುದಕ್ಕೂ ಬೇಲಿಯಾಚೆ ಹೋಗಿ ಬಂದಳು. ಎಲ್ಲೋ ದೂರದ ಊರಲ್ಲಿ ಮಲಗಿದ್ದ ಒಬ್ಬರನ್ನು ಇವರು ಈ ಹಜಾರಕ್ಕೇ ಕರೆದು ತಂದುಕೊಂಡಿದ್ದರು. ನಾನು ತಂದುಕೊಟ್ಟದ್ದು ಒಂದು ಪೆಟ್ಟಿಗೆ ಎಂದುಕೊಂಡಿದ್ದೆ! ಅಂಥ ಬೆರಗು ನನಗೆ ದೇವಸ್ಥಾನದಲ್ಲೂ ಆಗಿಲ್ಲ.

ಭುಜ ಮರಗಟ್ಟಿಹೋಗಿತ್ತು. ಆಗ ಹೆಂಚಿನ ಕೆಳಗಿನಿಂದ ಒಂದು ಅಳು ಎದ್ದಿತು, ಮೊದಲು ಒಂದೇ ದನಿ, ಆಮೇಲೆ ಇಡೀ ಅಂಗಳ. ಚಿತೆಗೆ ಬೆಂಕಿ ಕೊಟ್ಟಿದ್ದರು. ನನ್ನ ಕಣ್ಣಲ್ಲೂ ನೀರು ಬಂತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಇಳಿದು ಒಳಗೆ ಬಂದಾಗ ಟೀವಿಯ ಗಾಜಿನ ಮೇಲಿಂದ ನೀರು ಇಳಿಯುತ್ತಿತ್ತು. ಬೆಂಕಿಗೆ ಮುಂಚೆ ಮುಖವನ್ನು ಹತ್ತಿರದಿಂದ ತೋರಿಸಿದಾಗ ಅಜ್ಜಿ ಎದ್ದು ಹೋಗಿ, ತುಳಸಿ ಎಲೆಯಿಂದ ಆ ಬಾಯಿಗೆ ನೀರು ಬಿಟ್ಟಳಂತೆ. ಸೊಸೆ ಹೇಳಿದಳು. ಅಜ್ಜಿ ಈಗ ನನ್ನ ಕಡೆ ತಿರುಗಿದಳು.

"ಬಚ್ಚಲಾಗೆ ನೀರ್ ಕಾದೈತೆ. ನೀರ್ ಉಯ್ಕೊ ಓಗು. ಎಗಲ್ ಕೊಟ್ಟೋರು ಇಂಗೇ ಓಗ್ಬಾರ್ದು."

ಅವರ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿದೆ. ಗೌಡರ ಪಂಚೆ ಉಟ್ಟುಕೊಂಡು ಅವರ ಸಾಲಿನಲ್ಲೇ ಕುಳಿತು ಉಂಡೆ. ಅಜ್ಜಿಯೂ ಎರಡು ದಿನದ ಮೇಲೆ ಮೊದಲ ತುತ್ತು ತಿಂದಳು. ಗೌಡರು ದುಡ್ಡು ತೆಗೆಯಲು ಹೋದಾಗ, "ಇವತ್ತು ಕೊಡೋದು ತಗೊಳ್ಳೋದು ಬ್ಯಾಡ" ಎಂದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಗೌಡರು ಅಂಗಡಿಗೆ ಬಂದರು. ನಾನು ಹೇಳಿದ್ದ ಬೆಲೆ, ಫಿಟ್ಟಿಂಗ್ ಚಾರ್ಜು ಸಮೇತ, ಮೇಜಿನ ಮೇಲಿಟ್ಟರು. ಆಮೇಲೆ ಆಟೋದಿಂದ ಬಿಳಿ ಪಂಚೆ ಸುತ್ತಿದ ಟೀವಿಯನ್ನು ಇಳಿಸಿ ಅದನ್ನೂ ಇಟ್ಟರು.

"ರಿಪೇರಿನಾ?" ಎಂದೆ.

"ಇಲ್ಲ ಸಾರ್. ಇಷ್ಟ್ ದಿನ ಹಾಕೇ ಇಲ್ಲ. ಹುಡುಗ್ರೆಲ್ಲ ಮಕ ಊದಿಸ್ಕೊಂಡವ್ರೆ. ನಮ್ಮವ್ವ ಏನಂತಾಳೆ ಅಂದ್ರೆ, ಸತ್ತೋರ್ನ ಮಲಗಿಸಿದ ಚಾಪೆ ಮನೇಲಿ ಇಟ್ಕೊಳ್ತಾರಾ ಅಂತ. ಎಗಲು ಕೊಟ್ಟೋರಿಗೇ ಕೊಟ್ ಬಾ ಅಂದ್ಳು."

"ಹಾಗಾದ್ರೆ ಈ ದುಡ್ಡು ವಾಪಸ್ ತಗೊಳ್ಳಿ."

"ಅದ್ ಹೆಂಗಾದೀತು? ಸಾವಿನ ಸಾಮಾನು ಕಡ ತರಾಕಿಲ್ಲ ಸಾರ್."

"ಇದನ್ನ ನಾನು ಏನ್ ಮಾಡ್ಲಿ ಗೌಡ್ರೇ?"

"ನಾನೂ ಅದನ್ನೇ ಕೇಳ್ದೆ. ಏನ್ ಮಾಡ್ಬೇಕು ಅಂತ ಅವನಿಗೇ ಗೊತ್ತೈತೆ, ಒಳ್ಳೇವ್ನು ಅಂದ್ಳು."

ಅವರು ಹೋದ ಮೇಲೆ ಬಹಳ ಹೊತ್ತು ಆ ಪಂಚೆಯನ್ನೇ ನೋಡುತ್ತಾ ಕುಳಿತೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಓದಲು ಬಂದು ನನ್ನ ಹಲಗೆಯನ್ನು ಓದಿದ್ದರೆ ಆ ಮಾತು ಹೇಳುತ್ತಿದ್ದಳೇ? ಊಟ ತಂದ ಹೆಂಡತಿಗೆ ನಡೆದದ್ದನ್ನು ಹೇಳಿದೆ. "ಅದನ್ನ ಮನೆಗೆ ಮಾತ್ರ ತರಬೇಡಿ" ಎಂದಷ್ಟೇ ಹೇಳಿ ಕೈ ಮುಗಿದಳು. ನನಗೋ ಟೀವಿಗೋ ತಿಳಿಯಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ನಾನು ನಿಜಕ್ಕೂ ಒಳ್ಳೆಯವನೇ ಆಗಿರುತ್ತಿದ್ದೆ. ಆದರೆ ಅಂಗಡಿ ಖಾಲಿ, ಹೊಸ ಮಾಲು ಬಂದಿಲ್ಲ, ಗಿರಾಕಿಗಳು ಬರುತ್ತಲೇ ಇದ್ದಾರೆ. ಒಂದು ವಾರ ತಡೆದೆ. ಎಂಟನೆಯ ದಿನ ಪಂಚೆ ಬಿಚ್ಚಿ, ಗಾಜು ಒರೆಸಿ, ಡಬ್ಬಕ್ಕೆ ಹಾಕಿ ಆ ಟೀವಿಯನ್ನು ಹೊಸದೆಂದೇ ಮಾರಿಬಿಟ್ಟೆ. ಒಂದೇ ಒಂದು ದಿನ ನಡೆದದ್ದಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕೊಂಡವರು ಹೊಸದಾಗಿ ಮದುವೆಯಾದವರು, ಗಂಗಾನಗರದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ. ಒಳಗೆ ಒಂದು ಮಂಚ, ಒಂದು ಸ್ಟವ್, ನಾಲ್ಕು ಪಾತ್ರೆ. ನಾನು ಟೀವಿ ಇಟ್ಟು ಪ್ಲಗ್ ಸಿಕ್ಕಿಸುತ್ತಿದ್ದಾಗ ಆ ಹುಡುಗಿ, "ಒಂದ್ನಿಮಿಷ ಇರಿ ಅಣ್ಣ, ನಮ್ಮನೆಗೆ ಮೊದಲ್ನೇ ಸಾಮಾನು" ಎಂದು ಒಳಗೆ ಓಡಿ ಆರತಿ ತಟ್ಟೆ ತಂದಳು. ಬೆರಳಿನ ತುದಿಯಲ್ಲಿ ಕುಂಕುಮ ತೆಗೆದುಕೊಂಡು ಗಾಜಿನ ಹತ್ತಿರಕ್ಕೆ ಕೈ ಒಯ್ದಳು.

ನಾನು ಪ್ಲಗ್ ಬಿಟ್ಟು ಎದ್ದೆ. "ಹಚ್ಚಬೇಡಮ್ಮ" ಎಂದುಬಿಟ್ಟೆ.

ಇಬ್ಬರೂ ನನ್ನ ಮುಖ ನೋಡಿದರು. "ಇದರಲ್ಲಿ ದೋಷ ಇದೆ. ನಾಳೆ ಬೇರೆ ತಂದುಕೊಡ್ತೀನಿ" ಎಂದೆ. ನನ್ನ ಮಾಲಿಗೆ ದೋಷವಿದೆ ಎಂದು ಅಷ್ಟು ವರ್ಷದ ವ್ಯಾಪಾರದಲ್ಲಿ ನಾನು ಅಂದದ್ದು ಅದೇ ಮೊದಲು.

"ಏನ್ ದೋಷ ಸಾರ್? ಪಿಕ್ಚರ್ ಬರಲ್ವಾ?" ಎಂದ ಹುಡುಗ.

ಟ್ಯೂಬ್ ಹೋಗಿದೆ, ಸೌಂಡ್ ಸರಿಯಿಲ್ಲ ಎಂದು ಹೇಳಲು ಎಷ್ಟು ಹೊತ್ತು? ಸುಳ್ಳು ಬಾಯಿಯವರೆಗೂ ಬಂತು, ಹೊರಗೆ ಬರಲಿಲ್ಲ.

"ಪಿಕ್ಚರ್ ಬರುತ್ತೆ ಕಣಪ್ಪ. ಇದರಲ್ಲಿ ಒಬ್ಬರು ತೀರಿಕೊಂಡಿದ್ದಾರೆ."

ನಗುತ್ತಾರೆ, ಇಲ್ಲವೇ ಜಗಳ ತೆಗೆಯುತ್ತಾರೆ ಎಂದುಕೊಂಡಿದ್ದೆ. ಹುಡುಗಿ ಆರತಿ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕಿಟ್ಟು ಸೆರಗನ್ನು ಹೊದ್ದುಕೊಂಡಳು. ಯಾರು, ಯಾವಾಗ ಎಂದು ಕೇಳಲಿಲ್ಲ. ಹುಡುಗ ಬಂದು ಟೀವಿಯ ಒಂದು ಕಡೆ ಹಿಡಿದ. "ಒಬ್ರೇ ಹೊರಬೇಡಿ ಸಾರ್" ಎಂದ. ಆ ಕಡೆ ಅವನು, ಈ ಕಡೆ ನಾನು, ಇಬ್ಬರೂ ನಿಧಾನಕ್ಕೆ ಮೆಟ್ಟಿಲಿಳಿದೆವು.